ಬಚ್ಚಲ ಬದಿಯ ಹುಳಿಹಣ್ಣು

ಕಟ್ಟಾಯದ ಕೆಂಪಣ್ಣ ಅತ್ತಿಗೆಯ ಗಿಡ ಕಿತ್ತದ್ದು ಆಕೆ ಊರಲ್ಲಿಲ್ಲದಾಗ. ಅತ್ತಿಗೆ ಬೆಟ್ಟಮ್ಮ ನೆಂಟರ ಮನೆಯ ಬಾಣಂತನಕ್ಕೆಂದು ಹಾಸನಕ್ಕೆ ಹೋಗಿದ್ದಳು. ಇದ್ದಿದ್ದರೆ ಕೇಳಬೇಕಾಗುತ್ತಿತ್ತು, ಕೇಳಿದ್ದರೆ ಆಕೆ ಬೇಡ ಅನ್ನುತ್ತಿದ್ದಳು. ಇದು ಕೆಂಪಣ್ಣನಿಗೆ ಆಗಲೇ ಗೊತ್ತಿತ್ತು. ಆಮೇಲೆ ತನಗೆ ತಾನೇ ಎಷ್ಟು ಥರ ಸಮಾಧಾನ ಹೇಳಿಕೊಂಡರೂ, ಗೊತ್ತಿದ್ದೇ ಮಾಡಿದೆ ಅನ್ನುವುದು ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ಬೆಟ್ಟಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ ಕೆಂಪಣ್ಣ ಇನ್ನೂ ಅಂಬೆಗಾಲಿಡುತ್ತಿದ್ದ. ತಾಯಿ ತೀರಿಕೊಂಡಿದ್ದಳು. ಎತ್ತಿ ಆಡಿಸಿದ್ದು, ಎಣ್ಣೆ ನೀರು ಹಾಕಿದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡದ್ದು ಎಲ್ಲ ಈ ಅತ್ತಿಗೆಯೇ. ಈಗ ಅಣ್ಣ ಇಲ್ಲ. ಆಕೆಗೆ ಮಕ್ಕಳೂ ಆಗಿರಲಿಲ್ಲ. ಮನೆಯ ಯಜಮಾನಿಕೆ ಕೆಂಪಣ್ಣನದು, ಅಡಿಗೆ ಮನೆಯ ಯಜಮಾನಿಕೆ ಬೆಟ್ಟಮ್ಮನದು. ಕೆಂಪಣ್ಣನ ಹೆಂಡತಿ ನಂಜಮ್ಮನೂ ಅದಕ್ಕೆ ಒಗ್ಗಿಕೊಂಡಿದ್ದಳು.

ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಬೆಟ್ಟಮ್ಮನ ಟೊಮೆಟೊ ಗಿಡ ಇತ್ತು. ಮದುವೆಯಾದ ಹೊಸದರಲ್ಲಿ ಅರಕಲಗೂಡಿನ ಆಚೆಯ ತವರಿನಿಂದ ತಾಯಿ ಮಡಿಲಿಗೆ ಹಾಕಿ ಕಳಿಸಿದ ಹಣ್ಣಿನ ಸಂತಾನ ಅದು. ಯಾರೂ ಬೀಜ ಎತ್ತಿಟ್ಟವರಿಲ್ಲ, ಸಸಿ ನೆಟ್ಟವರಿಲ್ಲ. ಹಣ್ಣು ಉದುರುತ್ತಿತ್ತು, ಮಳೆ ಬಿದ್ದಾಗ ಅಲ್ಲೇ ಹುಟ್ಟುತ್ತಿತ್ತು. ಗೋಲಿಯಷ್ಟು ದಪ್ಪದ ಹಣ್ಣು, ತೆಳು ಸಿಪ್ಪೆ, ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ಮನೆಯಲ್ಲಿ ಅದನ್ನು ಹುಳಿಹಣ್ಣು ಎಂದೇ ಕರೆಯುತ್ತಿದ್ದರು. ಬೆಟ್ಟಮ್ಮ ಅದರಲ್ಲಿ ಗೊಜ್ಜು ಮಾಡಿದ ದಿನ ಕೆಂಪಣ್ಣ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದ.

ಅದು ಯುದ್ಧದ ಕಾಲ. ದಂಡಿನವರಿಗೆ ತರಕಾರಿ ಬೇಕೆಂದು ಹಾಸನದ ಸಂತೆಗೆ ಲಾರಿಗಳು ಬರುತ್ತಿದ್ದವು. ಟೊಮೆಟೊಗೆ ಎಲ್ಲಿಲ್ಲದ ಗಿರಾಕಿ. ಬೇಸಾಯದ ಇಲಾಖೆಯ ಗೌರೀಶಂಕರಯ್ಯನವರು ಸೈಕಲ್ ಮೇಲೆ ಊರೂರು ತಿರುಗಿ ಹೊಸ ಬೀಜದ ವಿಷಯ ಹೇಳುತ್ತಿದ್ದರು. ಹಾಸನದ ಪೇಟೆಯ ವ್ಯಾಪಾರಸ್ಥರ ಮನೆಯವರು, ಓದಿಕೊಂಡವರು, ಹೆಗಲ ಮೇಲೆ ಕೈ ಹಾಕಿ ಮಾತಾಡಿಸುವ ಸ್ವಭಾವ. ಅವರ ಹೊಸ ಜಾತಿಯ ಹಣ್ಣು ಮುಷ್ಟಿ ಗಾತ್ರದ್ದು. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ಬುಟ್ಟಿಯಲ್ಲಿ ತುಂಬಿ ಗಾಡಿಯಲ್ಲಿ ಕುಲುಕಿದರೂ ಒಡೆಯುತ್ತಿರಲಿಲ್ಲ.

ಹೋಬಳಿಗೆಲ್ಲ ಬೀಜ ಕೊಡಲು ಒಂದು ಒಳ್ಳೆಯ ತಾಕು ಬೇಕಿತ್ತು. ಕೆಂಪಣ್ಣನ ಹಿತ್ತಿಲಿಗೆ ಅಂಟಿದ ಹೊಲಕ್ಕೆ ಕೆರೆಯ ನೀರಿತ್ತು, ಮಣ್ಣು ಚೆನ್ನಾಗಿತ್ತು. ಗೌರೀಶಂಕರಯ್ಯ ಅದನ್ನೇ ಆರಿಸಿದರು. "ಬದುವಿನ ಮೇಲೆ ನಿಮ್ಮ ಹೆಸರಿನ ಹಲಗೆ ಹಾಕಿಸ್ತೀನಿ ಕೆಂಪಣ್ಣನೋರೇ" ಅಂದರು. ಆ ಮಾತು ಕೇಳಿದ ಮೇಲೆ ಕೆಂಪಣ್ಣನ ನಡಿಗೆಯೇ ಬದಲಾಯಿತು.

ಅವತ್ತೇ ಅವರು ಬಚ್ಚಲ ಬದಿಯ ಗಿಡವನ್ನೂ ನೋಡಿದರು.

"ಇದು ಯಾವ ಜಾತಿ?"

"ನಮ್ಮತ್ಗೆಮ್ಮಂದು ಸಾ. ತವರಿಂದ ತಂದದ್ದು. ಉಳಿಹಣ್ಣು ಅಂತೀವಿ."

ಗೌರೀಶಂಕರಯ್ಯ ಒಂದು ಎಳೆಗಾಯನ್ನು ಕಿತ್ತು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ ನಕ್ಕರು. "ಬೀಜದ ತಾಕಿನ ಪಕ್ಕ ಬೇರೆ ಜಾತಿ ಇರಬಾರದು. ಹುಳ ಹೂವಿಂದ ಹೂವಿಗೆ ಓಡಾಡಿದರೆ ಬೀಜ ಬೆರಕೆಯಾಗುತ್ತೆ. ಇದನ್ನ ಇಲ್ಲಿಂದ ತೆಗೆಯಿರಿ. ಆದರೆ ಬೀಜ ಕಳೀಬೇಡಿ. ಹಣ್ಣು ಮಾಗಲಿ, ಬೀಜ ಒಣಗಿಸಿ ನನಗೂ ಒಂದಿಷ್ಟು ಕೊಡಿ. ನಿಮ್ಮ ಅತ್ತಿಗೆಯವರು ದೂರದಲ್ಲಿ ಬೇರೆ ಕಡೆ ಹಾಕಿಕೊಳ್ಳಲಿ."

ಆಗಲಿ ಸಾ ಅಂದ ಕೆಂಪಣ್ಣ. ಆದರೆ ಹೊಸ ಸಸಿಗಳು ಬೇಗ ಬೇಗ ಎದ್ದು ಹೂ ಬಿಟ್ಟವು. ಹಲಗೆಯೂ ಬಂತು, ಬಿಳಿ ಬಣ್ಣದ ಮೇಲೆ ಕರಿ ಅಕ್ಷರದಲ್ಲಿ ಅವನ ಹೆಸರು. ಹುಳಿಹಣ್ಣು ಮಾತ್ರ ಇನ್ನೂ ಹಸಿರಾಗೇ ಇತ್ತು. ಬೆಟ್ಟಮ್ಮ ಹಾಸನದಿಂದ ಬರುವುದರೊಳಗೆ ಮುಗಿಸಿಬಿಡಬೇಕು ಅನ್ನಿಸಿತು. ಬುಡಸಮೇತ ಕಿತ್ತು, ಕಾಯಿ ಒಂದೂ ಉಳಿಯದ ಹಾಗೆ ಬಳಿದು, ಕೆರೆಯಾಚೆಯ ಹಳ್ಳಕ್ಕೆ ಎಸೆದು ಬಂದ. ಎಲೆಯ ಘಾಟು ಕೈಗೆ ಅಂಟಿ ಹುಣಸೆಹಣ್ಣು ಹಚ್ಚಿ ತೊಳೆದರೂ ಹೋಗಲಿಲ್ಲ.

ಊರಿಗೆ ಬಂದ ಬೆಟ್ಟಮ್ಮ ಗಂಟನ್ನೂ ಇಳಿಸದೆ ಹಿತ್ತಿಲಿಗೆ ಹೋದಳು.

"ಯಾಕ್ಲಾ ಕೆಂಪ, ನನ್ ಗಿಡ ಏನಾಯ್ತು?"

ಅದೇ ಹೊತ್ತಿಗೆ ಪಕ್ಕದ ಕೊಟ್ಟಿಗೆಯಲ್ಲಿ ದ್ಯಾವಯ್ಯನ ಹಸು ಅಂಬಾ ಅಂದಿತು. ಅದರ ಹೆಸರು ಬಾಯಿಗೆ ಬರಲು ಬೇರೆ ಕಾರಣವೇನೂ ಇರಲಿಲ್ಲ.

"ದ್ಯಾವಯ್ಯನ್ ಹಸ ನುಗ್ಬುಟ್ಟಿತ್ತು ಅತ್ಗೆಮ್ಮ" ಅಂದುಬಿಟ್ಟ.

ದ್ಯಾವಯ್ಯನ ಹೆಂಡತಿ ಸಣ್ಣಕ್ಕನೂ ಬೆಟ್ಟಮ್ಮನೂ ಒಂದೇ ವರ್ಷ ಆ ಬೀದಿಗೆ ಸೊಸೆಯರಾಗಿ ಬಂದವರು. ಒಬ್ಬರ ಮನೆಯ ಒಲೆ ಹತ್ತದಿದ್ದರೆ ಇನ್ನೊಬ್ಬರ ಮನೆಯ ಕೆಂಡ. ಅಂಥವರ ನಡುವೆ ಅವತ್ತು ಬೇಲಿಯ ಮೇಲೆ ಮಾತಿಗೆ ಮಾತು ಬೆಳೆಯಿತು.

"ನನ್ ಹಸ ಕಟ್ಟಾಕಿದ್ದಲ್ಲೇ ಇತ್ತು ಕಣಕ್ಕ. ಹಗ್ಗಾನೇ ಬಿಚ್ಚಿಲ್ಲ ನಾನು" ಅಂದಳು ಸಣ್ಣಕ್ಕ.

"ಅಂಗಾರೆ ನನ್ ಮೈದ ಸುಳ್ಳೇಳ್ತಾನಾ? ನಾನು ಎತ್ತಾಡ್ಸಿದ್ ಮಗ ಅವ್ನು!"

ಕೆಂಪಣ್ಣ ಒಳಗೆ ಕೂತು ಇದನ್ನೆಲ್ಲ ಕೇಳಿಸಿಕೊಂಡ. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆಯ ಹೊತ್ತಿಗೆ ಇಬ್ಬರೂ ಮಾತು ಬಿಟ್ಟಿದ್ದರು. ದ್ಯಾವಯ್ಯ ಮಾನಕ್ಕೆ ಅಂಜುವ ಮನುಷ್ಯ. ಬೀದಿಯಲ್ಲಿ ನಿಂತು ಕೆಂಪಣ್ಣನ ಕೈ ಹಿಡಿದು, "ತಪ್ಪಾಯ್ತು ಕಣಪ್ಪ, ಇನ್ಮೇಲೆ ಅಂಗಾಗಕಿಲ್ಲ" ಅಂದ. ಆಮೇಲಿನ ಸಂತೆಗೆ ಆ ಹಸುವನ್ನು ಹೊಡೆದುಕೊಂಡು ಹೋಗಿ ಮಾರಿಯೇ ಬಂದ. ಕರುವಾಗಿದ್ದಾಗಿನಿಂದ ಸಣ್ಣಕ್ಕ ಸಾಕಿದ ಹಸು ಅದು. ಗಾಡಿ ದಾರಿಯ ತಿರುವಿನವರೆಗೂ ಅವಳು ಅದರ ಹಿಂದೆ ಹೋಗಿ ನಿಂತಿದ್ದಳಂತೆ. ನಂಜಮ್ಮ ಬಂದು ಹೇಳಿದಾಗ ಕೆಂಪಣ್ಣ ಉಣ್ಣುತ್ತಿದ್ದ ತಟ್ಟೆಯನ್ನು ಹಾಗೇ ಬಿಟ್ಟೆದ್ದ.

ಅಲ್ಲಿಗೂ ಮುಗಿಯಲಿಲ್ಲ. ಮುಂಗಾರು ಬಿದ್ದದ್ದೇ ಬಚ್ಚಲ ಬದಿಯಲ್ಲಿ ಸಣ್ಣ ಸಣ್ಣ ಮೊಳಕೆ ಎದ್ದವು. ಹಿಂದಿನ ವರ್ಷಗಳಲ್ಲಿ ಉದುರಿದ ಬೀಜ ಮಣ್ಣಿನಲ್ಲಿ ಕಾದಿತ್ತು. ಪಕ್ಕದ ತಾಕಿನಲ್ಲಿ ಹೊಸ ಜಾತಿಯ ಎರಡನೆಯ ಬೆಳೆ ಹೂವಿಗೆ ಬರುವುದರಲ್ಲಿತ್ತು. ಕೆಂಪಣ್ಣ ಮುಖ ತೊಳೆಯುವ ನೆಪದಲ್ಲಿ ಬಗ್ಗಿ ಆ ಮೊಳಕೆಗಳನ್ನೂ ಚಿವುಟಿ ಹಾಕಿದ. ಮತ್ತೆ ಎದ್ದವು, ಮತ್ತೆ ಚಿವುಟಿದ. ಕೊನೆಗೆ ಆ ಜಾಗವನ್ನು ಅಗೆದು ತೆಗೆದು, ಒಂದು ಚಪ್ಪಡಿ ತರಿಸಿ ಹಾಸಿದ.

"ಬಟ್ಟೆ ಒಗೆಯಾಕೆ ಅನ್ಕೂಲ ಆಯ್ತು ಕಣಪ್ಪ. ನನ್ ಸೊಂಟ ನೋವು ನಿಂಗೆ ಗೊತ್ತಾಯ್ತಲ್ಲ" ಅಂದಳು ಬೆಟ್ಟಮ್ಮ. ಆಮೇಲೆ, "ಈ ಸಲ ಯಾಕೋ ಉಳಿಹಣ್ಣು ಉಟ್ಟಲೇ ಇಲ್ಲ" ಅಂದಳು. ಕೆಂಪಣ್ಣ ಹಗ್ಗ ಹುಡುಕುವವನಂತೆ ಕೊಟ್ಟಿಗೆಗೆ ಹೋದ.

ಆ ಎರಡನೆಯ ಬೆಳೆ ಕಾಯಿ ಕಚ್ಚುವ ಹೊತ್ತಿಗೆ ಸೊರಗು ರೋಗ ಬಂತು. ಬೆಳಿಗ್ಗೆ ನೆಟ್ಟಗಿದ್ದ ಗಿಡ ಮಧ್ಯಾಹ್ನಕ್ಕೆ ಕೊರಳು ಬಾಗಿಸುತ್ತಿತ್ತು. ಎಲೆ ಹಳದಿಯಾಗುವುದಿಲ್ಲ, ಹುಳು ಕಾಣುವುದಿಲ್ಲ. ಹಸಿರು ಹಸಿರಾಗಿಯೇ ಜೋತುಬಿದ್ದು ಸಾಯುತ್ತಿತ್ತು. ನೀರು ಕಟ್ಟಿದಷ್ಟೂ ಜೋರಾಯಿತು. ಕಣ್ಣೆದುರಿಗೇ ತಾಕಿಗೆ ತಾಕೇ ಮಲಗಿತು. ಮೊದಲ ಬೆಳೆಯಿಂದ ಅವನು ಬೀಜ ಕೊಟ್ಟಿದ್ದ ಹೊಲಗಳಲ್ಲೂ ಅದೇ ಗತಿ.

ಗೌರೀಶಂಕರಯ್ಯ ಬಂದು ಒಂದು ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ಹಿಡಿದರು. ಕತ್ತರಿಸಿದ ಬಾಯಿಂದ ಹಾಲಿನ ಎಳೆಯಂಥದ್ದು ಸಣ್ಣಗೆ ಇಳಿಯತೊಡಗಿತು.

"ಇದೇ ರೋಗ. ಮಣ್ಣಲ್ಲಿದೆ, ಔಷಧಿ ಇಲ್ಲ" ಅಂದರು. "ನಮ್ಮ ಗಿಡ ಎಲ್ಲ ಒಂದೇ ತಾಯಿ ಮಕ್ಕಳ ಹಾಗೆ. ಒಂದಕ್ಕೆ ತಡೆಯೋ ಶಕ್ತಿ ಇಲ್ಲ ಅಂದರೆ ಯಾವುದಕ್ಕೂ ಇಲ್ಲ. ಬೇರೆ ಥರದ್ದು ಬೇಕು. ಈ ಮಣ್ಣಲ್ಲೇ ಸಾಯದೆ ನಿಂತದ್ದು ಬೇಕು. ಅದರ ಧೂಳನ್ನ ಇದರ ಹೂವಿಗೆ ಮುಟ್ಟಿಸಿ, ಹುಟ್ಟಿದ್ದರಲ್ಲಿ ಗಟ್ಟಿಯಾದದ್ದನ್ನ ಆರಿಸಿ, ಮತ್ತೆ ಆರಿಸಿ..." ಅನ್ನುತ್ತ ಹಿತ್ತಿಲ ಕಡೆ ತಿರುಗಿದರು. "ಇಲ್ಲೊಂದು ಹುಳಿಹಣ್ಣಿನ ಗಿಡ ಇತ್ತಲ್ಲ?"

ಬಟ್ಟೆ ಹಿಂಡುತ್ತಿದ್ದ ಬೆಟ್ಟಮ್ಮ ತಾನೇ ಉತ್ತರ ಕೊಟ್ಟಳು. "ಹಸ ಮೇದ್ಬುಡ್ತು ಸ್ವಾಮಿ. ಪಕ್ಕದಲ್ಲಿ ನಾನು ಬದನೆ ಆಕಿದ್ರೆ ಎಲ್ಲಾ ಇಂಗೇ ಸೊರಗೋಗ್ತಿತ್ತು. ಅದು ಮಾತ್ರ ಜಗ್ತಿರ್ಲಿಲ್ಲ."

"ಹೌದಾ?" ಗೌರೀಶಂಕರಯ್ಯನವರ ಕಣ್ಣು ಅಗಲವಾಯಿತು. ಬದನೆ ಸಾಯುವುದೂ ಇದೇ ರೋಗದಿಂದ. ಅವರು ಕೆಂಪಣ್ಣನ ಕಡೆ ನೋಡಿದರು. "ಬೀಜ ಇಟ್ಟಿದೀರಲ್ಲ?"

"ಇಲ್ಲ ಸಾ. ಕಾಯಿ ಮಾಗಿರ್ಲಿಲ್ಲ" ಅಂದ ಕೆಂಪಣ್ಣ. ಅಷ್ಟು ಮಾತ್ರ ನಿಜವಾಗಿತ್ತು.

ಅವರು ಹೋದ ಮೇಲೆ, ಮನೆಯವರೆಲ್ಲ ಕಣದಲ್ಲಿದ್ದಾಗ ಚಪ್ಪಡಿ ಎಬ್ಬಿಸಿ ನೋಡಿದ. ಕೆಳಗೆ ಕೊಳೆತ ಕರಿಮಣ್ಣು, ಎರೆಹುಳು. ಕಲ್ಲು ಅಲ್ಲಾಡುತ್ತದೆಂದು ಮನೆಯವರಿಗೆ ಹೇಳಿ ಅದನ್ನು ಪಕ್ಕಕ್ಕೆ ಸರಿಸಿಟ್ಟು, ಬಿಸಿಲು ತೋರಿಸಿದ, ನೀರು ಚಿಮುಕಿಸಿದ, ಕಾದ. ಹುಲ್ಲು ಹುಟ್ಟಿತೇ ಹೊರತು ಟೊಮೆಟೊ ಹುಟ್ಟಲಿಲ್ಲ. ಕೆರೆಯಾಚೆಯ ಹಳ್ಳವನ್ನೂ ಜಾಲಾಡಿದ. ಅಲ್ಲೂ ಏನೂ ಇರಲಿಲ್ಲ.

ಕೊಳ್ಳಲು ಒಂದು ಜೊತೆ ಎತ್ತು ನೋಡಿಬರುತ್ತೇನೆಂದು ಸುಳ್ಳು ಹೇಳಿ ಅರಕಲಗೂಡಿನ ಆಚೆಯ ಅತ್ತಿಗೆಯ ತವರಿಗೆ ಹೊರಟ. ಬೆಟ್ಟಮ್ಮನ ತಮ್ಮ ಸಣ್ಣಯ್ಯ ಮಜ್ಜಿಗೆ ಕೊಟ್ಟು ಉಪಚರಿಸಿದ. ಹಿತ್ತಿಲಲ್ಲಿ ಅಂಗೈಯಗಲ ಜಾಗ ಬಿಡದೆ ಹೊಗೆಸೊಪ್ಪು ಹಾಕಿದ್ದ.

"ಉಳಿಹಣ್ಣಾ? ನಮ್ಮವ್ವ ಓದ್ಮೇಲೆ ಯಾರು ನೋಡ್ತಾರೆ ಭಾವ? ಬೆಟ್ಟಕ್ಕ ಜ್ವಾಪಾನ ಮಾಡವ್ಳಲ್ಲ, ಅವ್ಳತ್ರಾನೇ ಈಸ್ಕೊ" ಅಂದ. ಕೆಂಪಣ್ಣ ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದ. ಹೊರಡುವಾಗ ಸಣ್ಣಯ್ಯನೇ ನೆನಪು ಮಾಡಿಕೊಂಡು ಕೂಗಿ ಹೇಳಿದ. "ನಮ್ ದೇವೀರಿ ಮದ್ವೇಲಿ ಅವ್ವ ಅವ್ಳ ಮಡ್ಲಿಗೂ ಆಕಿತ್ತು. ಐತೋ ಇಲ್ವೋ ಕಾಣೆ."

ಸಣ್ಣಯ್ಯನ ಮಗಳು ದೇವೀರಮ್ಮನನ್ನು ಚನ್ನರಾಯಪಟ್ಟಣದ ಸೀಮೆಗೆ, ಶ್ರವಣಬೆಳಗೊಳದ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಪೆಟ್ರೋಲು ಸಿಗದ ಕಾಲ, ಕೆಂಪಣ್ಣ ಇದ್ದಿಲು ಗ್ಯಾಸಿನಿಂದ ಓಡುವ ಬಸ್ಸು ಹತ್ತಿದ. ಅದು ಏರು ಬಂದಲ್ಲೆಲ್ಲ ನಿಂತು ಉಸಿರೆಳೆದುಕೊಳ್ಳುತ್ತ ಹೊಳೆನರಸೀಪುರ ಮುಟ್ಟಿತು. ಅಲ್ಲಿ ಬಸ್ಸು ಬದಲಾಯಿಸುವಾಗ ಹೊಳೆದಂಡೆಯ ತೋಟಗಳು ಕಂಡವು. ಕಿತ್ತ ಟೊಮೆಟೊ ಗಿಡಗಳನ್ನು ರಾಶಿ ಹಾಕಿ ಸುಡುತ್ತಿದ್ದರು. ಯಾರದೋ ಹೊಲ, ಯಾರದೋ ಬೀಜ. ಆದರೂ ಆ ಹೊಗೆ ತನ್ನನ್ನೇ ಹುಡುಕಿಕೊಂಡು ಬರುತ್ತಿದೆ ಅನ್ನಿಸಿ ಕೆಂಪಣ್ಣ ಮುಖ ತಿರುಗಿಸಿ ಕೂತ.

ದೇವೀರಮ್ಮನ ತಿಪ್ಪೆಯ ಪಕ್ಕ ಗಿಡ ಇತ್ತು! ಅದರ ಆಚೆ ಬದನೆ ಗಿಡಗಳು ಸೊರಗಿ ನಿಂತಿದ್ದವು. ಇದು ಮಾತ್ರ ಬೇಲಿ ಹತ್ತಿ ಹಬ್ಬಿತ್ತು. ಕೆಂಪಣ್ಣನಿಗೆ ಕುಣಿಯುವಷ್ಟು ಸಂತೋಷವಾಯಿತು. ಹತ್ತಿರ ಹೋಗಿ ನೋಡಿದರೆ ಹಣ್ಣು ನಿಂಬೆಯಷ್ಟು ದಪ್ಪ, ಮೈಮೇಲೆ ಸಣ್ಣ ಸಣ್ಣ ಗೆರೆ.

"ಅಜ್ಜಿ ಕೊಟ್ಟಿದ್ದೇ ಕಣ್ ಮಾವ" ಅಂದಳು ದೇವೀರಮ್ಮ. "ಪಕ್ಕದ ಮನೆಯೋರು ಬೇರೆ ಥರದ್ದು ಆಕ್ತಿದ್ರು. ಬರ್ತಾ ಬರ್ತಾ ಇದು ಇಂಗೆ ದಪ್ಪ ಆಯ್ತು. ನಮ್ ಬೆಟ್ಟತ್ತೆ ಮನೇಲಿ ಚೆಂದಾಗಿರಬೇಕಲ್ಲ, ಮೊದಲ್ನಂಗೆ?"

"ಊಂ, ಐತೆ" ಅಂದ ಕೆಂಪಣ್ಣ.

ಅದರ ಬೀಜದಲ್ಲಿ ಅರ್ಧ ಗೌರೀಶಂಕರಯ್ಯನವರಿಗೆ ಕೊಟ್ಟ, ನೆಂಟರ ಮನೆಯದು ಅಂತಷ್ಟೇ ಹೇಳಿ. ಉಳಿದರ್ಧವನ್ನು ದೂರದ ಬದುವಿನಲ್ಲಿ ಸಸಿ ಮಾಡಿ, ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿಟ್ಟಿದ್ದ ಬಚ್ಚಲ ಬದಿಯಲ್ಲಿ ತಾನೇ ಹುಟ್ಟಿದಂತೆ ಕಾಣುವ ಹಾಗೆ ಅಲ್ಲೊಂದು ಇಲ್ಲೊಂದು ನೆಟ್ಟ. ಬೆಟ್ಟಮ್ಮ ಅವನ್ನು ಕಂಡ ದಿನ ಕೂಗಿದ ಕೂಗಿಗೆ ನಂಜಮ್ಮ ಒಳಗಿಂದ ಓಡಿ ಬಂದಳು.

"ಬಂದ್ಬುಡ್ತು ಕಣ್ ನಂಜಿ! ನಮ್ಮವ್ವ ನನ್ ಕೈ ಬುಡಲಿಲ್ಲ ನೋಡು!"

ದಿನಾ ಬೆಳಿಗ್ಗೆ ಆ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮಾತಾಡಿಸುತ್ತಿದ್ದಳು. ಒಂದು ಸಲ ಬೇಲಿಯಾಚೆ ನೋಡಿ, "ಸಣ್ಣಕ್ಕಂಗೂ ಒಂದಿಷ್ಟು ಕೊಡಬೇಕು. ಎಷ್ಟು ದಿನಾಂತ ಮಾತ್ ಬುಟ್ಟಿರಾದು" ಅಂದಳು. ಕೆಂಪಣ್ಣನಿಗೆ ಎದೆಯ ಭಾರ ಅರ್ಧ ಇಳಿದಂತಾಯಿತು. ಹೀಗೆಯೇ, ಯಾರೂ ಏನೂ ಹೇಳದೆಯೇ, ಎಲ್ಲ ಸರಿಹೋಗಿಬಿಡಬಹುದು ಅನ್ನಿಸಿತು.

ಮೊದಲ ಹಣ್ಣುಗಳು ಮಾಗಿದ ದಿನ ಬೆಟ್ಟಮ್ಮ ಗೊಜ್ಜು ಮಾಡಿದಳು. ಎಲ್ಲರಿಗೂ ಬಡಿಸಿ, ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದಳು. ಆಮೇಲೆ ಒಳಗೆ ಹೋಗಿ ಒಂದು ಹಸಿ ಹಣ್ಣನ್ನು ಕಚ್ಚಿ ನೋಡಿದಳು. ಬಂದು ಕೆಂಪಣ್ಣನ ಎದುರು ಕೂತಳು.

"ಇದು ನಮ್ಮವ್ವನ್ ಹಣ್ಣಲ್ಲ ಕಣ್ಲಾ ಕೆಂಪ."

"ಅದೇ ಕಣತ್ಗೆ. ನೀರ್ ಹೆಚ್ಚಾಗಿ ದಪ್ಪ ಆಗೈತೆ."

"ಇಲ್ಲ. ಇದ್ರಲ್ಲಿ ಸಿಹಿ ಐತೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿ ತಪ್ಪಿದವರು ಊರು ಯಾವುದೆಂದು ಕೇಳುವಂತಿತ್ತು. "ತಾನಾಗೇ ಉಟ್ಟಿದ್ದು ಬೇರೆ ಎಂಗಾಯ್ತದೆ? ಯಾರು ನೆಟ್ರು?"

ಕೆಂಪಣ್ಣ ತುತ್ತು ಕೆಳಗಿಟ್ಟ. ಇನ್ನೊಂದು ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಹಾಗೆ ನೋಡುತ್ತ ಕೂತವಳ ಮುಂದೆ ಅದು ಹೊರಡಲಿಲ್ಲ.

"ನಾನೇ ನೆಟ್ಟೆ. ದೇವೀರಿ ಮನೆಯಿಂದ ತಂದೆ. ನಿನ್ ಗಿಡಾನ ಹಸ ಮೇಯ್ಲಿಲ್ಲ ಅತ್ಗೆಮ್ಮ. ನಾನೇ ಕಿತ್ತಾಕ್ದೆ. ಆಮೇಲೆ ಉಟ್ಟಿದ್ನೂ ಕಿತ್ತೆ."

ಅತ್ತಿಗೆ ಕೇಳಿದರೆ ಹೀಗೆ ಹೇಳಬೇಕು, ಕಾಲಿಗೆ ಬೀಳಬೇಕು ಅಂತೆಲ್ಲ ಕೆಂಪಣ್ಣ ಅಂದುಕೊಂಡಿದ್ದ. ಆಕೆ ಗಿಡದ ಸುದ್ದಿಯನ್ನೇ ಎತ್ತಲಿಲ್ಲ.

"ಸಣ್ಣಕ್ಕ ಬೇಲಿ ಮ್ಯಾಲೆ ಕೈ ಮಡಿಕ್ಕಂಡು, ನನ್ ಹಸ ಅಲ್ಲ ಕಣಕ್ಕ ಅಂತ ಅತ್ಳು. ನಿನ್ ಮಾತ್ ಕಟ್ಕೊಂಡು ಅವ್ಳನ್ನ ಸುಳ್ಳಿ ಅಂದೆ. ನಂಗೇನು ಏಳ್ತೀಯ? ಓಗಿ ಅವ್ಳಿಗೇಳು."

ಎಂಜಲು ಕೈ ತೊಳೆದು, ಹಗಲ ಬೆಳಕಿನಲ್ಲೇ, ಬೀದಿಯವರೆಲ್ಲ ಜಗಲಿಯ ಮೇಲಿದ್ದಾಗ ಕೆಂಪಣ್ಣ ಪಕ್ಕದ ಮನೆಗೆ ಹೋದ. ದ್ಯಾವಯ್ಯ ಹಗ್ಗ ಹೊಸೆಯುತ್ತಿದ್ದ. ಸಣ್ಣಕ್ಕ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದ. ದ್ಯಾವಯ್ಯನ ಕೈ ಹೊಸೆಯುವುದನ್ನು ನಿಲ್ಲಿಸಿತು. ಅವನು ಕೆಂಪಣ್ಣನ ಕಡೆ ನೋಡದೆ ಹೆಂಡತಿಯ ಕಡೆ ನೋಡಿದ. ನೋಡಿ ತಲೆ ತಗ್ಗಿಸಿದ.

"ಇವ್ರಿಗೂ ಏಳ್ದೆ" ಅಂದಳು ಸಣ್ಣಕ್ಕ, ಕಾಯಿ ಸುಲಿಯುತ್ತಲೇ. "ಹಸ ಕಟ್ಟೇ ಇತ್ತು ಅಂತ. ಕೆಂಪಣ್ಣ ಯಾಕೆ ಸುಳ್ಳೇಳ್ತಾನೆ ಅಂದ್ರು." ಆಮೇಲೆ, "ಯಾರೋ ಹೊಳೆ ಕಡೆಯೋರು ಹಸಾನ ಕೊಂಡು ಹೊಡ್ಕೊಂಡೋದ್ರಂತೆ. ಊರು ಕೇಳಿಲ್ಲ ಇವ್ರು" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಕೂರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಕೆಂಪಣ್ಣ ತಾನಾಗಿಯೇ ಹಿಂದಿರುಗಬೇಕಾಯಿತು. ಮುಂದೆ ಎರಡು ಮೂರು ಸಂತೆಗಳಲ್ಲಿ ಆ ಹಸುವನ್ನು ಕೇಳಿಕೊಂಡು ತಿರುಗಿದ. ಸುಳಿವು ಸಿಗಲಿಲ್ಲ. ಬೇರೆ ಹಸು ತಂದುಕೊಡುತ್ತೇನೆ ಅಂದದ್ದಕ್ಕೆ ಸಣ್ಣಕ್ಕ ಬೇಡ ಅಂದಳು.

ಅವಳೂ ಬೆಟ್ಟಮ್ಮನೂ ಮತ್ತೆ ಒಂದಾದರು. ಬೆಟ್ಟಮ್ಮ ಹೋಗಿ ಅವಳ ಕೈ ಹಿಡಿದು ಅತ್ತಳಂತೆ. ಆದರೆ ಮನೆಯಲ್ಲಿ ಕೆಂಪಣ್ಣನಿಗೆ ಬಡಿಸುವ ಕೆಲಸ ಅವತ್ತಿನಿಂದ ನಂಜಮ್ಮನದಾಯಿತು. ಅತ್ತಿಗೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಅವನನ್ನು ಕೆಂಪ ಎಂದು ಕೂಗುವುದನ್ನು ಬಿಟ್ಟಳು.

ಗೌರೀಶಂಕರಯ್ಯ ದೇವೀರಮ್ಮನ ಬೀಜವನ್ನು ರೋಗದ ಮಣ್ಣಿನಲ್ಲೇ ಹಾಕಿ ನೋಡಿದರು. ಬಹಳಷ್ಟು ಸತ್ತವು, ಕೆಲವು ಸೊರಗಿ ಮತ್ತೆ ತಲೆಯೆತ್ತಿದವು, ಒಂದೆರಡು ನೆಟ್ಟಗೆ ನಿಂತವು. ಅವರು ಹಿಗ್ಗಿ ಹೇಳಲು ಬಂದರು. ಇನ್ನು ದೊಡ್ಡ ಹಣ್ಣಿನ ಜೊತೆ ಕೂಡಿಸುವ ಕೆಲಸ, ವರ್ಷಗಟ್ಟಲೆ ಹಿಡಿಯುತ್ತದೆ ಅಂದರು. ಹೊಸ ಹಲಗೆ ಹಾಕಿಸುವ ಮಾತೂ ತೆಗೆದರು.

"ಹಲಗೆ ಬ್ಯಾಡಿ ಸಾ" ಅಂದು ಕೆಂಪಣ್ಣ ಅವರಿಗೂ ನಡೆದದ್ದನ್ನು ಹೇಳಿದ. "ಇದೂ ಅದೂ ಒಂದೇನಾ ಸಾ? ಒಂದೇ ಅಂದ್ಬುಡಿ."

ಗೌರೀಶಂಕರಯ್ಯ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತರು. "ಇದು ಬೆರಕೆಯಾದದ್ದು. ಅದರಲ್ಲಿದ್ದದ್ದು ಇದರಲ್ಲಿ ಎಷ್ಟು ಉಳಿದಿದೆಯೋ, ಎಷ್ಟು ಹೋಯಿತೋ. ಅದು ಇದ್ದಿದ್ದರೆ ಹೇಳಬಹುದಿತ್ತು" ಅಂದರು. ಆಮೇಲೆ, "ಕೀಳಿ ಅಂದವನು ನಾನೇ ಅಲ್ಲವಾ" ಅಂದರು. ತಪ್ಪನ್ನು ಹಂಚಿಕೊಳ್ಳಲು ಹೇಳಿದ ಆ ಮಾತಿನಿಂದ ಕೆಂಪಣ್ಣನ ಪಾಲೇನೂ ಕಡಿಮೆಯಾಗಲಿಲ್ಲ. ಬೀಜ ಇಡಿ ಅಂತಲೂ ಅವರೇ ಹೇಳಿದ್ದರು.

ಆ ಮೇಲೆ ಕೆಂಪಣ್ಣ ಬಿತ್ತನೆ ಮುಗಿದ ದಿನಗಳಲ್ಲಿ ಊರೂರು ತಿರುಗಿ, ಹಿತ್ತಿಲಲ್ಲಿ ಹುಟ್ಟಿಕೊಂಡ ಟೊಮೆಟೊ ಕಂಡಲ್ಲೆಲ್ಲ ಒಂದು ಹಣ್ಣು ಬೇಡಿ ತಂದು ಗೌರೀಶಂಕರಯ್ಯನವರಿಗೆ ಕೊಡುವುದನ್ನು ರೂಢಿ ಮಾಡಿಕೊಂಡ. ಉದ್ದನೆಯವು, ಹಳದಿಯವು, ಸೀಳು ಸೀಳಾದವು, ಎಲ್ಲ ಥರದವೂ ಸಿಕ್ಕವು. ಗೋಲಿಯಂಥ ಹುಳಿಹಣ್ಣು ಮಾತ್ರ ಎಲ್ಲೂ ಸಿಗಲಿಲ್ಲ.

ಒಮ್ಮೆ ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿ ಒಬ್ಬಾಕೆ ಅವನು ಹಣ್ಣು ಕೇಳಿದ್ದಕ್ಕೆ ನಕ್ಕು, "ಹಣ್ಣೇನು, ಗಿಡಾನೇ ತಕ್ಕೊಂಡೋಗಪ್ಪ. ನಾಳೀಕೆ ಕಿತ್ತು ಮೆಣಸಿನ್ ಸಸಿ ಆಕ್ತೀವಿ" ಅಂದಳು.

"ಕೀಳ್ಬೇಡ ಕಣವ್ವ" ಅಂದ ಕೆಂಪಣ್ಣ.

"ಯಾಕೆ?"

ಅವನು ಬಿಸಿಲಲ್ಲಿ ನಿಂತು ಆ ಗಿಡವನ್ನೇ ನೋಡಿದ. ಕೊನೆಗೆ, "ಯಾರು ತಂದದ್ದು ಇದು, ನಿಮ್ಮನೆಗೆ?" ಎಂದು ಕೇಳಿದ.

"ನಮ್ಮತ್ತೆ. ಒಳಗವ್ರೆ" ಅಂದಳು ಆಕೆ.

"ಅಂಗಾರೆ ಕೀಳಾಕೆ ಮುಂಚೆ ಅವ್ರುನ್ನ ಒಂದ್ ಮಾತು ಕೇಳವ್ವ" ಅಂದ.